ನಂಗ್ ಮೀನಿನ ಕಣ್ಣು ಮತ್ತು ಇತರ ಪ್ರಶ್ನೆಗಳು

ಕಳೆದ ತಿಂಗಳ ಅಂಕಣದಲ್ಲಿ "ಮಲ್ಪೆಯ ಆಚೆ ದೋಣಿಯ ಪಕ್ಕ ಹಾರುವ ಡಾಲ್ಫಿನ್ ಬಂಗುಡೆಗಿಂತ ನಮ್ಮ ಹಟ್ಟಿಯ ದನಕ್ಕೆ ಹತ್ತಿರದ ನೆಂಟ" ಎಂದು ಒಂದು ವಾಕ್ಯ ಬರೆದಿದ್ದೆ. ಅಷ್ಟಕ್ಕೇ ಅಂಚೆಯವರಿಗೆ ಕೆಲಸ ಹೆಚ್ಚಾಯಿತು. ಬೈದವರೂ ಇದ್ದಾರೆ, ಕುತೂಹಲದಿಂದ ಕೇಳಿದವರು ಜಾಸ್ತಿ. ಈ ಸಲ ಹಾವು ಕಡಿತ, ಗೆದ್ದಲು, ತೆಂಗಿನ ನುಸಿ ಎಲ್ಲ ಬದಿಗಿಟ್ಟು ವಿಕಾಸದ ಪತ್ರಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಹೆಸರು ಬೇಡ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಡಾಲ್ಫಿನಿಗೂ ದನಕ್ಕೂ ಎತ್ತಣ ಸಂಬಂಧ? ಸುಮ್ನೆ ಏನೋ ಬರೆದು ಜನರ ತಲೆ ಕೆಡಿಸಬೇಡಿ. (ಒಬ್ಬ ಓದುಗರು, ಕುಂದಾಪುರ)

ಸುಮ್ನೆ ಬರೆದದ್ದಲ್ಲ ಸ್ವಾಮಿ. ಮುಂದಿನ ಸಲ ಡಾಲ್ಫಿನ್ ಕಂಡರೆ ಅದರ ಬಾಲ ನೋಡಿ. ಬಂಗುಡೆ, ಬೂತಾಯಿ, ಅಂಜಲ್ ಎಲ್ಲವೂ ಬಾಲವನ್ನು ಎಡಕ್ಕೆ ಬಲಕ್ಕೆ ಬಡಿಯುತ್ತವೆ. ಡಾಲ್ಫಿನ್ ಮೇಲಕ್ಕೆ ಕೆಳಕ್ಕೆ ಬಡಿಯುತ್ತದೆ. ನಾಯಿ ಜೋರಾಗಿ ಓಡುವಾಗ ಬೆನ್ನು ಬಾಗಿ ಏಳುತ್ತದಲ್ಲ, ಅದೇ ಬಾಗು ಅದು. ನೆಲದಲ್ಲಿ ಓಡಿದವರ ಬೆನ್ನುಮೂಳೆ ಇಟ್ಟುಕೊಂಡು ನೀರಿಗಿಳಿದ ಪ್ರಾಣಿ. ಈಜುರೆಕ್ಕೆಯ ಚರ್ಮ ಬಿಡಿಸಿದರೆ ಒಳಗೆ ತೋಳಿನ ಮೂಳೆ, ಮುಂಗೈ ಮೂಳೆ, ಐದು ಬೆರಳು ಸಿಗುತ್ತವೆ. ಹಿಂಗಾಲು ಇಲ್ಲ, ಆದರೆ ಸೊಂಟದ ಮೂಳೆಯ ಎರಡು ಸಣ್ಣ ತುಂಡುಗಳು ಬೆನ್ನುಮೂಳೆಗೆ ತಾಗದೆ ಮಾಂಸದೊಳಗೆ ಉಳಿದಿವೆ. ಉಸಿರಿಗೆ ಮೇಲೆ ಬರಲೇಬೇಕು. ಮರಿಗೆ ಹಾಲು ಕೊಡುತ್ತದೆ. ಇಡೀ ಜೀವನ ನೀರಲ್ಲಿ ಕಳೆಯುವ ಪ್ರಾಣಿಯನ್ನು ಹೊಸದಾಗಿ ಮಾಡುವವರು ಯಾರಾದರೂ ಅದಕ್ಕೆ ಶ್ವಾಸಕೋಶ ಕೊಡುತ್ತಿದ್ದರಾ?

ಇನ್ನು ಪಳೆಯುಳಿಕೆ. ಡಾಲ್ಫಿನ್ ತಿಮಿಂಗಿಲದ ಬಳಗದ್ದು, ಆದ್ದರಿಂದ ತಿಮಿಂಗಿಲದ ಕಥೆ ಅದರದ್ದೂ ಹೌದು. ಇದು ನಮ್ಮ ಕಡೆಯದೇ ಕಥೆ, ಆದರೂ ನಮ್ಮವರು ಹೇಳುವುದು ಕಡಿಮೆ. ಕಛ್‌ನಲ್ಲಿ ಅಶೋಕ್ ಸಾಹನಿ ಮತ್ತು ಮಿಶ್ರಾ 1970ರ ದಶಕದಲ್ಲೇ ಪುರಾತನ ತಿಮಿಂಗಿಲಗಳ ಮೂಳೆಗಳನ್ನು ವಿವರಿಸಿದ್ದರು. 1981ರಲ್ಲಿ ಪಾಕಿಸ್ತಾನದ ಒಂದು ತಲೆಬುರುಡೆಗೆ ಪಾಕಿಸೀಟಸ್ ಎಂಬ ಹೆಸರು ಬಂತು. ನಾಲ್ಕು ಕಾಲಿನ ತಿಮಿಂಗಿಲ! ಜಮ್ಮು-ಕಾಶ್ಮೀರದ ಕಾಲಾಕೋಟ್‌ನಿಂದ ಭೂವಿಜ್ಞಾನಿ ಎ. ರಂಗರಾವ್ ಕಲ್ಲುಗಳನ್ನು ತಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಹಾನ್ಸ್ ಥೀವಿಸನ್ ಎಂಬ ಸಂಶೋಧಕರಿಗೆ ಕೊಟ್ಟರು. ಬಿಡಿಸುವಾಗ ಒಂದು ತಲೆಬುರುಡೆ ಒಡೆಯಿತು. ಒಳಗಿನ ಕಿವಿಯ ಮೂಳೆ ಹೊರಗೆ ಕಂಡಿತು. ಒಂದು ಬದಿ ದಪ್ಪ, ಒಂದು ಬದಿ ತೆಳು. ಅಂಥ ಕಿವಿ ಮೂಳೆ ತಿಮಿಂಗಿಲದ ಬಳಗದ ಗುರುತು. ಇದು ಪ್ರಕಟವಾದದ್ದು 2007ರಲ್ಲಿ. ಆ ಪ್ರಾಣಿಯ ಹೆಸರು ಇಂಡೋಹಯಸ್. ಸುಮಾರು 4.8 ಕೋಟಿ ವರ್ಷ ಹಿಂದಿನದು. ಗೊರಸಿನ ಪ್ರಾಣಿ, ನೋಡಲು ಹೆಚ್ಚುಕಡಿಮೆ ನಮ್ಮ ಕಾಡಿನ ಪುಟ್ಟ ಜಿಂಕೆಯಂಥ ಬರಿಂಕದ ಹಾಗೆ, ಮೂಳೆ ಮಾತ್ರ ನೀರಲ್ಲಿ ನಡೆಯುವವರ ಮೂಳೆಯಂತೆ ದಪ್ಪ. ಆಫ್ರಿಕದ ಒಂದು ಜಾತಿಯ ಬರಿಂಕ ಇವತ್ತಿಗೂ ಹದ್ದು ಕಂಡರೆ ನೀರಿಗೆ ಹಾರಿ ಅಡಗುತ್ತದೆ.

ಡಿಎನ್‌ಎ ಪರೀಕ್ಷೆಯೂ ಅದೇ ಕಡೆ ಕೈ ತೋರಿಸಿತು. ಬದುಕಿರುವವುಗಳಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳಿಗೆ ಅತಿ ಹತ್ತಿರದ ನೆಂಟ ನೀರಾನೆ. ಆಮೇಲೆ ದನ, ಜಿಂಕೆ. ಬಂಗುಡೆ ಎಲ್ಲೋ ದೂರ.

ಪ್ರಶ್ನೆ: ಟೀಚರೇ, ನಂಗ್ ಮೀನಿಗೆ ಎರಡೂ ಕಣ್ಣು ಒಂದೇ ಬದಿಗೆ. ಇದು ದೇವರು ಮಾಡಿದ್ದಾ, ನಿಮ್ಮ ವಿಕಾಸ ಮಾಡಿದ್ದಾ? ಅರ್ಧ ದಾರಿ ಹೋದ ಕಣ್ಣಿನಿಂದ ಮೀನಿಗೆ ಏನು ಉಪಯೋಗ? (ಮೀನು ವ್ಯಾಪಾರಿ, ಮಲ್ಪೆ)

ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದು. ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ಅದನ್ನೇ 1871ರಲ್ಲಿ ಇಂಗ್ಲೆಂಡಿನ ಮೈವಾರ್ಟ್ ಎಂಬ ಪ್ರಾಣಿಶಾಸ್ತ್ರಜ್ಞ ಡಾರ್ವಿನ್‌ನಿಗೆ ಕೇಳಿದ್ದ. ಡಾರ್ವಿನ್ ಆಗ ಕೊಟ್ಟ ಉತ್ತರ ಪೂರ್ತಿ ನಿಲ್ಲಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಮೀನು. ನಂಗ್ ಎಂದರೆ ಉಡುಪಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ಆದರೆ ಘಟ್ಟದ ಮೇಲಿನ ಓದುಗರೂ ಇದ್ದಾರೆ. ನಾಲಿಗೆಯ ಆಕಾರದ ಚಪ್ಪಟೆ ಮೀನು. ಮೇಲಿನ ಬದಿ ಮಣ್ಣಿನ ಬಣ್ಣ, ಕೆಳಗಿನ ಬದಿ ಬಿಳಿ. ಕೆಸರಿನ ಮೇಲೆ ಅಂಟಿ ಮಲಗುತ್ತದೆ. ಹುರಿದರೆ ಬಹಳ ರುಚಿ. ನಮ್ಮ ಮನೆ ಕಡೆ ಬುಟ್ಟಿ ಹೊತ್ತು ಬರುವ ಅಕ್ಕ "ಟೀಚರ್, ನಂಗ್ ಬೋಡಾ (ಬೇಕಾ)?" ಎಂದು ಗೇಟಿನಲ್ಲೇ ಕೂಗುತ್ತಾರೆ. ಅವರು ತಲೆ ಕಡಿದು ಕೊಡುವ ಮುಂಚೆ ನಾನು ಇಸಿದುಕೊಳ್ಳುತ್ತೇನೆ. ತಲೆ ಇಲ್ಲದ ನಂಗ್‌ನಲ್ಲಿ ನೋಡಲು ಏನಿದೆ?

ಆ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಕಣ್ಣು ಎಡಬದಿಯಲ್ಲಿ, ಒತ್ತೊತ್ತಾಗಿ. ಬಾಯಿ ಓರೆ. ತಲೆಬುರುಡೆ ಯಾರೋ ಹಿಡಿದು ತಿರುಚಿದ ಹಾಗೆ. ಅದರ ಮರಿ ಹುಟ್ಟುವಾಗ ಹೀಗಿರುವುದಿಲ್ಲ. ಮೊಟ್ಟೆಯಿಂದ ಬಂದ ಮರಿ ಬೇರೆ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ, ಬದಿಗೊಂದು ಕಣ್ಣು. ಬೆಳೆಯುತ್ತಾ ಬಲಗಣ್ಣು ತಲೆ ದಾಟಿ ಎಡಕ್ಕೆ ಬರುತ್ತದೆ. ಜೊತೆಗೆ ತಲೆಯ ಮೂಳೆಗಳೂ ತಿರುಚಿಕೊಳ್ಳುತ್ತವೆ. ಆಮೇಲೆ ಮೀನು ಒಂದು ಬದಿಗೆ ಮಲಗುತ್ತದೆ.

ಈಗ ಪಕ್ಕದ ಬುಟ್ಟಿಯ ತೊರಕೆಯನ್ನು ನೋಡಿ. ಅದೂ ಚಪ್ಪಟೆ, ಅದೂ ತಳದಲ್ಲಿ ಮಲಗುವ ಮೀನು. ಆದರೆ ತೊರಕೆ ಹೊಟ್ಟೆಯ ಮೇಲೆ ಮಲಗುತ್ತದೆ. ಎಡ ಬಲ ಸರಿಸಮ, ಎರಡು ಕಣ್ಣೂ ಮೇಲೆ, ಏನೂ ತಿರುಚಿಲ್ಲ. ನನ್ನ ಲೆಕ್ಕದಲ್ಲಿ ಇದು ಪುಸ್ತಕದ ನೂರು ಪುಟಕ್ಕೆ ಸಮ. ಒಂದೇ ಕೆಲಸ, ಎರಡು ದಾರಿ. ತೊರಕೆಯ ಹಿರಿಯರು ಶಾರ್ಕಿನ ಬಳಗದವರು, ಮೇಲಿನಿಂದ ಒತ್ತಿದಂತೆ ಅಗಲವಾಗುವುದು ಅವರಿಗೆ ಸುಲಭವಿತ್ತು. ನಂಗ್‌ನ ಹಿರಿಯರು ಮಾಂಜಿಯ ಹಾಗೆ ಬದಿಗಳಿಂದ ಒತ್ತಿದ ತೆಳ್ಳನೆ ಮೀನುಗಳು. ಅಂಥ ಮೀನು ತಳಕ್ಕೆ ಇಳಿದರೆ ಬದಿಗೇ ಬೀಳಬೇಕು. ಬಿದ್ದರೆ ಒಂದು ಕಣ್ಣು ಕೆಸರಿನಲ್ಲಿ ಹೂತುಹೋಗುತ್ತದೆ. ಆ ಕಷ್ಟದಲ್ಲಿ ಕಣ್ಣು ತುಸು ಮೇಲಿರುವ ಮರಿಗೆ ತುಸು ಲಾಭ. ಅದು ಸ್ವಲ್ಪ ಜಾಸ್ತಿ ಕಂಡಿತು, ಸ್ವಲ್ಪ ಜಾಸ್ತಿ ಬದುಕಿತು, ಅದರ ಮರಿಗಳಿಗೂ ಆ ಗುಣ ಬಂತು. ನಿಸರ್ಗದ ಆಯ್ಕೆ ಎಂದರೆ ಇಷ್ಟೇ. ಮರಿಗಳಲ್ಲಿ ವ್ಯತ್ಯಾಸ ಇರಬೇಕು, ಅದು ವಂಶಕ್ಕೆ ಇಳಿಯಬೇಕು, ಅದರಿಂದ ಬದುಕಿ ಮರಿ ಮಾಡುವುದರಲ್ಲಿ ಹೆಚ್ಚು ಕಡಿಮೆ ಆಗಬೇಕು. ಮೂರೂ ಇದ್ದರೆ ತಲೆಮಾರು ಕಳೆದಂತೆ ಜಾತಿ ಬದಲಾಗದೆ ಇರಲು ಸಾಧ್ಯವಿಲ್ಲ.

ಮೈವಾರ್ಟ್‌ಗೆ ಡಾರ್ವಿನ್ 1872ರಲ್ಲಿ, ತನ್ನ ಪುಸ್ತಕದ ಆರನೇ ಮುದ್ರಣದಲ್ಲಿ ಉತ್ತರಿಸಿದ. ಮರಿಮೀನು ಕೆಳಗಿನ ಕಣ್ಣನ್ನು ಮತ್ತೆ ಮತ್ತೆ ಮೇಲಕ್ಕೆ ಎಳೆದು ಎಳೆದು ಅಭ್ಯಾಸವಾಗಿ, ಆ ಅಭ್ಯಾಸದ ಫಲ ವಂಶಕ್ಕೆ ಇಳಿದಿರಬಹುದು ಎಂಬುದೂ ಆ ಉತ್ತರದ ಒಂದು ಭಾಗ. ಅಭ್ಯಾಸ ಹಾಗೆ ವಂಶಕ್ಕೆ ಇಳಿಯುವುದಿಲ್ಲ ಎಂದು ಇವತ್ತು ಗೊತ್ತು. ಡಾರ್ವಿನ್ ಹೇಳಿದ್ದೆಲ್ಲ ವೇದವಾಕ್ಯ ಎಂದು ವಿಜ್ಞಾನಿಗಳು ನಂಬುತ್ತಾರೆ ಅಂದುಕೊಂಡವರು ಇದನ್ನು ಗಮನಿಸಿ.

ಸರಿಯಾದ ಉತ್ತರ ಬಂದದ್ದು 2008ರಲ್ಲಿ. ಮ್ಯಾಟ್ ಫ್ರೀಡ್‌ಮನ್ ಎಂಬ ಯುವ ಸಂಶೋಧಕ ಯುರೋಪಿನ ಮ್ಯೂಸಿಯಂಗಳಲ್ಲಿ ಇದ್ದ ಹಳೆಯ ಪಳೆಯುಳಿಕೆಗಳನ್ನು ಮತ್ತೆ ತೆಗೆದು ನೋಡಿದ. ಉತ್ತರ ಇಟಲಿಯ ಕಲ್ಲಿನಲ್ಲಿ ಸಿಕ್ಕ, ಸುಮಾರು 5 ಕೋಟಿ ವರ್ಷ ಹಿಂದಿನ ಮೀನುಗಳು. ಆಂಫಿಸ್ಟಿಯಂ, ಹೆಟೆರೋನೆಕ್ಟಿಸ್ ಎಂದು ಹೆಸರು. ಬೆಳೆದ ಮೀನುಗಳೇ, ಮರಿಗಳಲ್ಲ. ಒಂದು ಕಣ್ಣು ತನ್ನ ಜಾಗದಿಂದ ಮೇಲೆ ಸರಿದಿದೆ, ಆದರೆ ತಲೆಯ ನಡುಗೆರೆ ದಾಟಿಲ್ಲ. ಅರ್ಧ ದಾರಿ! ಮೈವಾರ್ಟ್ ಅಸಾಧ್ಯ ಎಂದ ಮೀನು ಕಲ್ಲಿನೊಳಗೆ ಕೂತಿತ್ತು.

ಉಪಯೋಗ ಏನು ಎಂದು ಕೇಳಿದಿರಿ. ನಮ್ಮ ಸಮುದ್ರದಲ್ಲೇ ಸೆಟ್ಟೋಡಿಸ್ ಎಂಬ ಇನ್ನೊಂದು ಚಪ್ಪಟೆ ಮೀನು ಇದೆ, ನಂಗ್‌ಗಿಂತ ದೊಡ್ಡದು, ದಪ್ಪ, ಬಾಯಿ ತುಂಬ ಹಲ್ಲು. ಅದರ ಒಂದು ಕಣ್ಣು ಇವತ್ತಿಗೂ ತಲೆಯ ಮೇಲಂಚಿನಲ್ಲೇ ನಿಂತಿದೆ. ಅದಕ್ಕೇನೂ ತೊಂದರೆ ಆಗಿಲ್ಲ, ಹಾಯಾಗಿ ಬೇರೆ ಮೀನು ಹಿಡಿದು ತಿನ್ನುತ್ತದೆ. ನಿಮ್ಮ ಬಲೆಗೆ ಬಿದ್ದರೆ ದಯವಿಟ್ಟು ತಲೆ ಎಸೆಯಬೇಡಿ.

ದೇವರು ಮಾಡಿದ್ದಾ ಎಂಬ ಮೊದಲ ಭಾಗಕ್ಕೆ ನಾನು ಉತ್ತರ ಕೊಡುವುದಿಲ್ಲ, ಅದು ನನ್ನ ವಿಷಯ ಅಲ್ಲ. ಆದರೆ ಒಂದು ಮಾತು. ಜನ ವಿಕಾಸಕ್ಕೆ ಸಾಕ್ಷಿ ಕೇಳುವಾಗ ಹದ್ದಿನ ಕಣ್ಣು, ಜೇನಿನ ಗೂಡು ಎಂದು ಅಂದಚೆಂದದ ಕಡೆ ನೋಡುತ್ತಾರೆ. ಓರೆಕೋರೆಗಳನ್ನು ನೋಡಿ. ವಂಶದ ಗುರುತು ಸಿಗುವುದು ಅಲ್ಲಿ.

ಪ್ರಶ್ನೆ: ಮಂಗನಿಂದ ಮನುಷ್ಯ ಬಂದದ್ದಾದರೆ ಕದ್ರಿ ಗುಡ್ಡದ ಮಂಗಗಳು ಇನ್ನೂ ಮಂಗಗಳಾಗಿಯೇ ಯಾಕಿವೆ? (ನಿವೃತ್ತ ಬ್ಯಾಂಕ್ ನೌಕರರು, ಮಂಗಳೂರು)

ಕದ್ರಿಯ ಮಂಗನಿಂದ ನಾವು ಬಂದಿಲ್ಲ, ಸರ್. ನಮ್ಮಿಂದ ಅದೂ ಬಂದಿಲ್ಲ. ಇಬ್ಬರಿಗೂ ಒಬ್ಬರೇ ಪೂರ್ವಜರಿದ್ದರು, ಅದು ಎರಡೂವರೆ ಮೂರು ಕೋಟಿ ವರ್ಷ ಹಿಂದಿನ ಮಾತು. ಚಿಂಪಾಂಜಿ ಇನ್ನೂ ಹತ್ತಿರ, 60ರಿಂದ 70 ಲಕ್ಷ ವರ್ಷ. ನಿಮ್ಮ ದಾಯಾದಿಗಳು ಮುಂಬೈಗೆ ಹೋಗಿ ಹೋಟೆಲ್ ಇಟ್ಟರು ಎಂದು ನೀವು ಮಂಗಳೂರಲ್ಲಿ ಇಲ್ಲವಾಗಿಲ್ಲವಲ್ಲ.

ಆದರೆ ನಿಮ್ಮ ಪತ್ರದ ಕೊನೆಯಲ್ಲಿ "ಹೋಲಿಕೆ ಇದ್ದ ಮಾತ್ರಕ್ಕೆ ಸಂಬಂಧ ಹೇಳಬಹುದೇ?" ಎಂದು ಕೇಳಿದ್ದೀರಿ. ಅದು ಒಳ್ಳೆಯ ಪ್ರಶ್ನೆ. ಹೇಳಲಾಗದು. ನಾನು ಪಿಯುಸಿ ಮೌಲ್ಯಮಾಪನಕ್ಕೆ ಹೋಗುತ್ತಿದ್ದವಳು. ಎರಡು ಉತ್ತರ ಪತ್ರಿಕೆಗಳಲ್ಲಿ ಸರಿ ಉತ್ತರ ಒಂದೇ ಇದ್ದರೆ ನಕಲು ಎನ್ನಲು ಬರುವುದಿಲ್ಲ, ಇಬ್ಬರೂ ಓದಿರಬಹುದು. ಒಂದೇ ಕಡೆ ಒಂದೇ ವಿಚಿತ್ರ ತಪ್ಪು ಇದ್ದರೆ? ಅಲ್ಲಿ ಸಿಕ್ಕಿಬೀಳುತ್ತಾರೆ.

ನಮ್ಮ ದೇಹದಲ್ಲೂ ಅಂಥ ತಪ್ಪುಗಳಿವೆ. ದನ, ಆಡು, ನಾಯಿ, ಬೆಕ್ಕು ತಮಗೆ ಬೇಕಾದ ವಿಟಮಿನ್ ಸಿ ತಾವೇ ಮಾಡಿಕೊಳ್ಳುತ್ತವೆ. ನಾಯಿಗೆ ಯಾರೂ ನಿಂಬೆಹಣ್ಣು ತಿನ್ನಿಸುವುದಿಲ್ಲ ನೋಡಿ. ನಮಗೆ ಆಗುವುದಿಲ್ಲ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದವರು ಒಸಡಿನಿಂದ ರಕ್ತ ಸೋರಿ ಸಾಯುತ್ತಿದ್ದರು. ವಿಟಮಿನ್ ಸಿ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಜೀನ್ ನಮ್ಮಲ್ಲಿ ಇಲ್ಲವೆಂದಲ್ಲ, ಇದೆ, ಆದರೆ ಮುರಿದಿದೆ. ತುಂಡುಗಳು ಮಾತ್ರ ಉಳಿದಿವೆ. ಚಿಂಪಾಂಜಿಯಲ್ಲೂ ಮುರಿದಿದೆ, ಒರಾಂಗುಟಾನ್‌ನಲ್ಲೂ, ಕದ್ರಿಯ ಮಂಗನ ಬಳಗದಲ್ಲೂ. ಮುಖ್ಯ ಮುರಿತ ಎಲ್ಲರಲ್ಲೂ ಒಂದೇ ರೀತಿ. ಗಿನಿಪಿಗ್‌ಗೂ ವಿಟಮಿನ್ ಸಿ ಮಾಡಲು ಬರುವುದಿಲ್ಲ, ಆದರೆ ಅದರ ಜೀನ್ ಮುರಿದ ಬಗೆಯೇ ಬೇರೆ. ಅದು ಬೇರೆ ಹಾಲ್‌ನಲ್ಲಿ ಕೂತು ತನ್ನದೇ ತಪ್ಪು ಬರೆದ ಅಭ್ಯರ್ಥಿ.

ಇನ್ನೊಂದು. ನಮಗೆ 46 ವರ್ಣತಂತು, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗೆ 48. ಒಂದೇ ಪೂರ್ವಜರಾದರೆ ಆ ಒಂದು ಜೋಡಿ ಎಲ್ಲಿ ಹೋಯಿತು? ಎರಡು ಸೇರಿ ಒಂದಾಗಿರಬೇಕು. ಆಗಿದ್ದರೆ ಗುರುತು ಉಳಿದಿರಬೇಕು. ವರ್ಣತಂತುವಿನ ಎರಡು ತುದಿಗಳಲ್ಲಿ ಮಾತ್ರ ಇರುವ ಒಂದು ಬಗೆಯ ಡಿಎನ್‌ಎ ಬರಹ ಇದೆ. ನಮ್ಮ ಎರಡನೇ ವರ್ಣತಂತುವಿನ ನಡುವೆ ಅದೇ ತುದಿಯ ಬರಹ, ಬೆನ್ನಿಗೆ ಬೆನ್ನು ತಾಗಿಸಿದಂತೆ ಸಿಕ್ಕಿತು. 1991ರಲ್ಲಿ. ಸೆಂಟ್ರೋಮಿಯರ್ ಎಂಬ ಗಂಟು ಒಂದು ವರ್ಣತಂತುವಿಗೆ ಒಂದೇ ಇರುತ್ತದೆ, ಇದರಲ್ಲಿ ಕೆಲಸವಿಲ್ಲದ ಎರಡನೆಯದರ ಅವಶೇಷವೂ ಇದೆ. ಹೀಗಿರಬೇಕು ಎಂದು ಮೊದಲು ಹೇಳಿ, ಹೋಗಿ ನೋಡಿ, ಹಾಗೆಯೇ ಸಿಗುವುದು. ಇಷ್ಟಾದ ಮೇಲೂ ಒಪ್ಪದಿದ್ದರೆ ನಾನು ಒತ್ತಾಯ ಮಾಡುವುದಿಲ್ಲ, ವಯಸ್ಸಾಯಿತು.

ಪ್ರಶ್ನೆ: ನಮ್ಮದು ಅಳಿಯಕಟ್ಟು. ಬರಿ (ಕುಲದ ಹೆಸರು) ತಾಯಿಯಿಂದ ಬರುತ್ತದೆ. ವಿಜ್ಞಾನದಲ್ಲೂ ತಾಯಿ ಕಡೆಯ ಲೆಕ್ಕ ಇದೆಯಂತೆ, ಹೌದಾ? (ಗೃಹಿಣಿ, ಮೂಲ್ಕಿ)

ಹೌದಮ್ಮ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಭಾಗಗಳಿವೆ. ಅವಕ್ಕೆ ತಮ್ಮದೇ ಪುಟ್ಟ ಡಿಎನ್‌ಎ ಇದೆ. ಅದು ಮಕ್ಕಳಿಗೆ ಬರುವುದು ತಾಯಿಯಿಂದ. ಗಂಡುಮಕ್ಕಳಿಗೂ ಸಿಗುತ್ತದೆ, ಆದರೆ ಅವರಿಂದ ಮುಂದಕ್ಕೆ ಹೋಗುವುದಿಲ್ಲ. ಥೇಟ್ ಬರಿಯ ದಾರಿ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಆಲನ್ ವಿಲ್ಸನ್ ಬೇರೆ ಬೇರೆ ಖಂಡಗಳ ಜನರಲ್ಲಿ ಈ ಡಿಎನ್‌ಎ ಹೋಲಿಸಿ, ಎಲ್ಲರ ತಾಯಿದಾರಿ ಸುಮಾರು 2 ಲಕ್ಷ ವರ್ಷ ಹಿಂದಿನ ಆಫ್ರಿಕದ ಒಬ್ಬ ಹೆಂಗಸಿಗೆ ಹೋಗಿ ಸೇರುತ್ತದೆ ಎಂದರು. ಆಕೆ ಆ ಕಾಲದ ಏಕೈಕ ಹೆಂಗಸಲ್ಲ. ಬೇರೆಯವರೂ ಇದ್ದರು, ಅವರ ದಾರಿ ಎಲ್ಲೋ ಒಂದು ಕಡೆ ಹೆಣ್ಣುಮಕ್ಕಳಿಲ್ಲದೆ ನಿಂತಿತು. ಹೆಣ್ಣು ಸಂತಾನ ಇಲ್ಲದೆ ನಿಂತುಹೋದ ಕುಟುಂಬಗಳು ನಿಮ್ಮ ಊರಿನಲ್ಲೂ ಇದ್ದಾವು.

ಪ್ರಶ್ನೆ: ವಿಕಾಸವನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಕೋಟಿ ವರ್ಷದ ಲೆಕ್ಕ ಹೇಳಿ ಬಾಯಿ ಮುಚ್ಚಿಸಬೇಡಿ. (ಒಬ್ಬ ಓದುಗರು, ಸುರತ್ಕಲ್)

ಕೋಟಿ ಬೇಡ, ನಿಮ್ಮ ಆಯುಷ್ಯದೊಳಗಿನದ್ದೇ ಹೇಳುತ್ತೇನೆ. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. ಮಳೆಗಾಲ ಬಂದು ಕಟ್ಟಡಗಳ ತಳದಲ್ಲಿ ನೀರು ನಿಂತರೆ ಮನೆಗೊಬ್ಬರು ಚಳಿಜ್ವರದಲ್ಲಿ ನಡುಗುತ್ತಿದ್ದ ವರ್ಷಗಳನ್ನು ನೋಡಿದ್ದೇವೆ. ಆಗೆಲ್ಲ ಕ್ಲೋರೋಕ್ವಿನ್ ಮಾತ್ರೆ. ಇಲ್ಲಿ ಜಾಸ್ತಿ ಕಾಣುವ ವೈವ್ಯಾಕ್ಸ್ ಮಲೇರಿಯಾಕ್ಕೆ ಇವತ್ತಿಗೂ ಅದೇ ಮಾತ್ರೆ ಕೊಡುತ್ತಾರೆ. ಆದರೆ ಅಪಾಯದ ಫಾಲ್ಸಿಪಾರಂ ಮಲೇರಿಯಾಕ್ಕೆ ಅದು ಕೆಲಸ ಮಾಡುವುದನ್ನು ನಿಲ್ಲಿಸಿತು. 1950ರ ದಶಕದ ಕೊನೆಗೆ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಮತ್ತು ಕೊಲಂಬಿಯಾದಲ್ಲಿ ಮೊದಲು ಕಂಡಿತು, ಭಾರತದಲ್ಲಿ 1973ರಲ್ಲಿ ಅಸ್ಸಾಮಿನಿಂದ ವರದಿಯಾಯಿತು.

ಆದದ್ದೇನು? ಕ್ಲೋರೋಕ್ವಿನ್ ರೋಗಾಣುವಿನೊಳಗಿನ ಒಂದು ಚೀಲದಲ್ಲಿ ತುಂಬಿಕೊಂಡು ಅದನ್ನು ಕೊಲ್ಲುತ್ತದೆ. ಆ ಚೀಲದ ಗೋಡೆಯ ಒಂದು ಪ್ರೋಟೀನ್ ಬದಲಾದ ರೋಗಾಣುಗಳು ಮದ್ದನ್ನು ಹೊರಗೆ ತಳ್ಳಿದವು. ಮಾತ್ರೆ ಅವುಗಳನ್ನು ಹುಟ್ಟಿಸಲಿಲ್ಲ. ಉಳಿದವನ್ನು ಕೊಂದು ಇವಕ್ಕೆ ಜಾಗ ಬಿಟ್ಟುಕೊಟ್ಟಿತು. ನಿಸರ್ಗದ ಆಯ್ಕೆ ಇದೇ.

ಇದರ ಮುಂದಿನ ಭಾಗ ಇನ್ನೂ ಚೆನ್ನಾಗಿದೆ. ಆಫ್ರಿಕದ ಮಲಾವಿ ದೇಶ 1993ರಲ್ಲಿ ಕ್ಲೋರೋಕ್ವಿನ್ ನಿಲ್ಲಿಸಿ ಬೇರೆ ಮದ್ದಿಗೆ ಹೋಯಿತು. ಮದ್ದು ಇಲ್ಲದಾಗ ಆ ಬದಲಾದ ಪ್ರೋಟೀನ್ ಹೊರೆಯಾಯಿತು, ಹಳೆಯ ಬಗೆಯ ರೋಗಾಣುಗಳೇ ಚುರುಕಾಗಿ ಬೆಳೆದವು. 2001ರ ಹೊತ್ತಿಗೆ ಮದ್ದು ತಡೆಯುವ ಗುಣ ಅಲ್ಲಿ ಹುಡುಕಿದರೂ ಸಿಗದಂತಾಯಿತು. 2005ರಲ್ಲಿ ಮಕ್ಕಳಿಗೆ ಮತ್ತೆ ಕ್ಲೋರೋಕ್ವಿನ್ ಕೊಟ್ಟು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಎಲ್ಲರಿಗೂ ಗುಣವಾಯಿತು. ಗಾಳಿ ಯಾವ ಕಡೆ ಬೀಸಿದರೆ ಆ ಕಡೆ. ಮುಂದೆ ಹೋಗುವುದು, ಮೇಲೇರುವುದು ಎಂಬುದೇ ಇಲ್ಲ.

ಹಕ್ಕಿಯೇ ಬೇಕು ಎನ್ನುವವರಿಗೆ ಪೆಸಿಫಿಕ್ ಸಾಗರದ ಗಾಲಪಗೋಸ್ ದ್ವೀಪಗಳಿವೆ. ಪೀಟರ್ ಮತ್ತು ರೋಸ್ಮರಿ ಗ್ರ್ಯಾಂಟ್ ದಂಪತಿ ಅಲ್ಲಿನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದ ಫಿಂಚ್ ಹಕ್ಕಿಗಳನ್ನು ಒಂದೊಂದಾಗಿ ಹಿಡಿದು, ಅಳತೆ ತೆಗೆದು, ಕಾಲಿಗೆ ಬಳೆ ಹಾಕಿ ಬಿಟ್ಟವರು. 1977ರಲ್ಲಿ ಮಳೆ ಬರಲಿಲ್ಲ. ಸಣ್ಣ ಬೀಜಗಳು ಮುಗಿದವು. ಉಳಿದದ್ದು ಜಾಸ್ತಿ ಗಟ್ಟಿ ಬೀಜ, ನಮ್ಮ ನೆಗ್ಗಿಲುಮುಳ್ಳಿನ ಜಾತಿಯದು. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ಹೆಚ್ಚಿನ ಹಕ್ಕಿಗಳು ಸತ್ತವು, ಬದುಕಿದವುಗಳ ಮರಿಗಳ ಕೊಕ್ಕು ಹಿಂದಿನ ತಲೆಮಾರಿಗಿಂತ ದಪ್ಪ. 2004ರಲ್ಲಿ ಇನ್ನೂ ದೊಡ್ಡ ಕೊಕ್ಕಿನ ಬೇರೆ ಜಾತಿ ಪೈಪೋಟಿಗೆ ಬಂದಿದ್ದಾಗ ಬರ ಬಿತ್ತು. ಆಗ ಕೊಕ್ಕು ಸಣ್ಣದಾಯಿತು!

ಹಾಂ, ಮಲೇರಿಯಾ ಅಂದಾಗ ನೆನಪಾಯಿತು. ಡಾರ್ವಿನ್ ಜೊತೆಗೆ ಈ ವಿಚಾರ ಹೊಳೆದ ಇನ್ನೊಬ್ಬ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್. 1858ರಲ್ಲಿ ಈಗಿನ ಇಂಡೋನೇಷ್ಯಾದಲ್ಲಿ ಬಿಟ್ಟು ಬಿಟ್ಟು ಬರುವ ಚಳಿಜ್ವರದಲ್ಲಿ ಮಲಗಿದ್ದಾಗ ಅವನಿಗೆ ಹೊಳೆಯಿತಂತೆ. ನಮಗೆ ಮಲೇರಿಯಾ ಬಂದಾಗ ತಲೆನೋವು ಬಿಟ್ಟು ಬೇರೇನೂ ಹೊಳೆಯುವುದಿಲ್ಲ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಹಾರುವ ಓತಿ ಇದೆ. ಇದು ಮುಂದೆ ಹಕ್ಕಿ ಆಗುತ್ತದೆಯೇ? (ಕೃಷಿಕರು, ಕಾರ್ಕಳ)

ಇಲ್ಲ. ಅದರ ರೆಕ್ಕೆ ಪಕ್ಕೆಲುಬು ಉದ್ದವಾಗಿ ಅದರ ಮೇಲೆ ಚರ್ಮ ಹರಡಿದ್ದು. ಹಕ್ಕಿಯದು ತೋಳಿನ ಮೇಲೆ ಗರಿ. ಬಾವಲಿಯದು ಬೆರಳುಗಳ ನಡುವೆ ಚರ್ಮ. ಹಾರುವ ಅಳಿಲಿನದು ಕೈಕಾಲುಗಳ ನಡುವೆ. ಕೈಯಲ್ಲಿ ಏನಿತ್ತೋ ಅದರಲ್ಲೇ ಸುಧಾರಿಸಿಕೊಂಡರು. ಓತಿ ಮರದಿಂದ ಮರಕ್ಕೆ ತೇಲಿ ಇರುವೆ ತಿಂದು ಸುಖವಾಗಿದೆ. ಅದು ಯಾವುದರ ತಯಾರಿಯಲ್ಲೂ ಇಲ್ಲ. ತೋಟಕ್ಕೆ ಮದ್ದು ಹೊಡೆಯುವಾಗ ನೆನಪಿರಲಿ.

ಪ್ರಶ್ನೆ: ಮತ್ಸ್ಯ, ಕೂರ್ಮ, ವರಾಹ, ನರಸಿಂಹ. ನಮ್ಮ ದಶಾವತಾರವೇ ವಿಕಾಸವಾದ ಅಲ್ವಾ? ಡಾರ್ವಿನ್‌ಗಿಂತ ಎಷ್ಟೋ ಮೊದಲೇ ನಮ್ಮವರು ಹೇಳಿದ್ದರು. (ಹಿರಿಯ ಓದುಗರು, ಉಡುಪಿ)

ಈ ಪ್ರಶ್ನೆ ಉಡುಪಿಯಿಂದ ಬರದಿದ್ದರೆ ನನಗೇ ಬೇಜಾರಾಗುತ್ತಿತ್ತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವಳು ನಾನು, ವರಾಹನ ಪ್ರವೇಶಕ್ಕೆ ಚಂಡೆ ಬಿದ್ದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಇದು ಅದಲ್ಲ. ಅವತಾರದಲ್ಲಿ ಮೀನಿನ ಹೊಟ್ಟೆಯಲ್ಲಿ ಆಮೆ ಹುಟ್ಟಿ, ಆಮೆಯ ವಂಶದಲ್ಲಿ ಹಂದಿ ಬರುವುದಿಲ್ಲ. ಪ್ರತಿ ಸಲವೂ ಇಳಿದು ಬರುವವನು ಒಬ್ಬನೇ ವಿಷ್ಣು, ಪ್ರತಿ ಸಲವೂ ಒಂದು ಕಾರಣಕ್ಕೆ. ಡಾರ್ವಿನ್ ಹೇಳಿದ್ದು ಸಾಮಾನ್ಯ ಅಪ್ಪ ಅಮ್ಮಂದಿರಿಗೆ ತುಸು ಬೇರೆಯಾದ ಮಕ್ಕಳು ಹುಟ್ಟುವ ಕಥೆ. ಅದರಲ್ಲಿ ಕಾರಣವೂ ಇಲ್ಲ, ಇಳಿದು ಬರುವವರೂ ಇಲ್ಲ. ಜೀವಶಾಸ್ತ್ರದ ಪ್ರಕಾರ ಹಂದಿಯ ಪೂರ್ವಜರಲ್ಲಿ ಆಮೆ ಇಲ್ಲ. ಅರ್ಧ ಸಿಂಹ ಅರ್ಧ ಮನುಷ್ಯ ಯಾವ ಕಲ್ಲಿನಲ್ಲೂ ಸಿಗುವುದಿಲ್ಲ, ಸಿಕ್ಕಿದರೆ ವಿಕಾಸವಾದ ಅವತ್ತೇ ಬಿದ್ದುಹೋಗುತ್ತದೆ.

ಇನ್ನೊಂದು ಯೋಚನೆ ಮಾಡಿ. ಹೊಸ ಪಳೆಯುಳಿಕೆ ಬಂದು ವಿಜ್ಞಾನದ ಪಟ್ಟಿ ಬದಲಾದರೆ, ಅದು ಆಗುತ್ತಲೇ ಇರುತ್ತದೆ, ಆಗ ಪುರಾಣವನ್ನೂ ತಿದ್ದುತ್ತೀರಾ? ನರಸಿಂಹನಿಗೆ ನನ್ನ ಪ್ರಮಾಣಪತ್ರ ಬೇಕಾಗಿಲ್ಲ.

ಪ್ರಶ್ನೆ: ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಲ್ಲುಗಳಿಗೂ ಕಪ್ಪೆಗಳ ವಿಕಾಸಕ್ಕೂ ಸಂಬಂಧ ಇದೆ ಎಂದು ನಮ್ಮ ಮಿಸ್ ಹೇಳಿದರು. ಅದು ಹೇಗೆ? (ಪಿಯುಸಿ ವಿದ್ಯಾರ್ಥಿನಿ, ಬ್ರಹ್ಮಾವರ)

ನಿಮ್ಮ ಮಿಸ್‌ಗೆ ನನ್ನ ನಮಸ್ಕಾರ ಹೇಳು ಮಗಳೇ. ಆ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ತಣಿದು ಸೀಳಿ ಆದ ಕಂಬಗಳು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಹೊತ್ತಿನ ಜ್ವಾಲಾಮುಖಿಯ ಗುರುತು. ಅಂದರೆ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೀವು ಸೆಲ್ಫಿ ತೆಗೆಯುವ ಜಾಗ ಹಳೆಯ ಒಂದು ಭೂಖಂಡ ಹರಿದ ಅಂಚು. ಸೀಶೆಲ್ಸ್ ದ್ವೀಪಗಳು ಬೇರೆಯಾದದ್ದು ಆಮೇಲೆ, ಸುಮಾರು 6.5 ಕೋಟಿ ವರ್ಷ ಹಿಂದೆ.

ಈಗ ಕಪ್ಪೆ. 2003ರಲ್ಲಿ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸ್ಸುಯ್ಟ್ ಕೇರಳದ ಇಡುಕ್ಕಿಯಿಂದ ಒಂದು ವಿಚಿತ್ರ ನೇರಳೆ ಕಪ್ಪೆಯನ್ನು ವಿವರಿಸಿದರು. ಉಬ್ಬಿದ ಮೈ, ಹಂದಿಯಂಥ ಮೂತಿ. ವರ್ಷವೆಲ್ಲ ಮಣ್ಣಿನೊಳಗೆ ಗೆದ್ದಲು ತಿಂದುಕೊಂಡಿದ್ದು ಮಳೆ ಶುರುವಾದಾಗ ಮೊಟ್ಟೆ ಇಡಲು ಮಾತ್ರ ಮೇಲೆ ಬರುತ್ತದೆ. ಡಿಎನ್‌ಎ ನೋಡಿದರೆ ಅದರ ಹತ್ತಿರದ ನೆಂಟರು ಪಶ್ಚಿಮ ಘಟ್ಟದ ಬೇರೆ ಕಪ್ಪೆಗಳಲ್ಲ, ಸೀಶೆಲ್ಸ್‌ನ ಪುಟ್ಟ ಕಪ್ಪೆಗಳು. ನಡುವೆ ಸಮುದ್ರ. ಉಪ್ಪುನೀರಿನಲ್ಲಿ ಕಪ್ಪೆ ಅಷ್ಟು ದೂರ ಬದುಕಿ ಹೋಗುವುದಿಲ್ಲ. ನೆಲವೇ ಅವುಗಳನ್ನು ಹೊತ್ತುಕೊಂಡು ಬೇರೆ ಬೇರೆ ಕಡೆ ಹೋಯಿತು. ಕಲ್ಲು ಓದುವವರೂ ಕಪ್ಪೆ ಓದುವವರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಕಥೆಗೆ ಬಂದರು.

ಎಲ್ಲ ಕಪ್ಪೆಗೂ ಇಷ್ಟು ಗಂಭೀರ ಇತಿಹಾಸ ಇರುವುದಿಲ್ಲ. 2018ರಲ್ಲಿ ಮಂಗಳೂರಿನ ಒಂದು ಪುಟಾಣಿ ಕಪ್ಪೆಯನ್ನು ಸಂಶೋಧಕರು ವಿವರಿಸಿದರು. ಮಂಗಳೂರಿನ ಕೊಂಕಣಿ ಹೆಸರನ್ನೇ ಅದಕ್ಕಿಟ್ಟರು, ಮೈಕ್ರೊಹೈಲಾ ಕೊಡಿಯಾಲ್. ಅದರ ನೆಂಟರು ಆಗ್ನೇಯ ಏಷ್ಯಾದವರು. ಮರ ತಂದ ಹಡಗಿನಲ್ಲಿ ಟಿಕೆಟಿಲ್ಲದೆ ಬಂದಿರಬಹುದು ಎಂಬುದು ಸಂಶೋಧಕರ ಗುಮಾನಿ.

ಪ್ರಶ್ನೆ: ಮಗನ ಹತ್ತನೇ ತರಗತಿಯ ಸಿಬಿಎಸ್‌ಇ ಪುಸ್ತಕದಲ್ಲಿ ವಿಕಾಸದ ಪಾಠವೇ ಇಲ್ಲ. ಅಷ್ಟು ಮುಖ್ಯವಾಗಿದ್ದರೆ ತೆಗೆಯುತ್ತಿದ್ದರಾ? (ಒಬ್ಬ ತಾಯಿ, ಮಂಗಳೂರು)

ಸಿಬಿಎಸ್‌ಇ ಶಾಲೆಗಳ ಪುಸ್ತಕ ಮಾಡುವ ಎನ್‌ಸಿಇಆರ್‌ಟಿ ಸಂಸ್ಥೆಯು ಪಾಠಗಳ ಹೊರೆ ಕಡಿಮೆ ಮಾಡುವ ಹೆಸರಿನಲ್ಲಿ ಹತ್ತನೇ ತರಗತಿಯ "ಅನುವಂಶೀಯತೆ ಮತ್ತು ವಿಕಾಸ" ಅಧ್ಯಾಯದಿಂದ ವಿಕಾಸದ ಭಾಗವನ್ನು ತೆಗೆಯಿತು. 2023ರಲ್ಲಿ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಆಕ್ಷೇಪಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಇದೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಹತ್ತರ ನಂತರ ಎಷ್ಟು ಮಕ್ಕಳು ಕಾಮರ್ಸ್‌ಗೆ ಹೋಗುತ್ತಾರೆ ಎಂದು ನಿಮಗೇ ಗೊತ್ತು. ಅವರಿಗೆ ಈ ವಿಷಯ ಜೀವನದಲ್ಲಿ ಸಿಗುವುದೇ ಇಲ್ಲ. ಇದು ಕೆಟ್ಟ ತೀರ್ಮಾನ ಎಂಬುದು ನನ್ನ ಅಭಿಪ್ರಾಯ. ಮಗನಿಗೆ ಈ ಪುಟ ಓದಲು ಕೊಡಿ, ಪರೀಕ್ಷೆಗೆ ಬರುವುದಿಲ್ಲ ಎಂದೂ ಹೇಳಿ. ಆಗ ಓದುತ್ತಾನೆ.

ಪ್ರಶ್ನೆ: ಮನುಷ್ಯನ ವಿಕಾಸ ಮುಗಿಯಿತಾ? ನಮಗೆ ಈಗ ಆಸ್ಪತ್ರೆ, ಎಸಿ ಎಲ್ಲ ಇದೆಯಲ್ಲ. (ಒಬ್ಬ ಓದುಗರು, ಕಟಪಾಡಿ)

ಮುಗಿದಿಲ್ಲ. ಹತ್ತಿರದ ಉದಾಹರಣೆ ಹಾಲು. ಪ್ರಾಣಿಗಳ ಮರಿಗಳಿಗೆ ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆ ಕರಗಿಸುವ ಶಕ್ತಿ ಮೊಲೆ ಬಿಡಿಸಿದ ಮೇಲೆ ಕಡಿಮೆಯಾಗುತ್ತದೆ. ಮನುಷ್ಯರಲ್ಲೂ ಮೂಲದಲ್ಲಿ ಹಾಗೆಯೇ. ದನ ಸಾಕಲು ಶುರುವಾದ ಮೇಲೆ, ಕಳೆದ ಕೆಲವು ಸಾವಿರ ವರ್ಷಗಳಲ್ಲಿ, ದೊಡ್ಡವರಾದ ಮೇಲೂ ಆ ಶಕ್ತಿ ಉಳಿಯುವ ಒಂದು ಸಣ್ಣ ಬದಲಾವಣೆ ಹಾಲು ಕುಡಿಯುವ ಜನರಲ್ಲಿ ಬೇಗ ಹರಡಿತು. ಭಾರತದಲ್ಲಿ ಇರುವುದು ಯುರೋಪಿನವರಲ್ಲಿ ಇರುವ ಬದಲಾವಣೆಯೇ, ಎರಡಕ್ಕೂ ಮೂಲ ಒಂದೇ. ಆಫ್ರಿಕದ ದನಗಾಹಿಗಳಲ್ಲಿ ಬೇರೆ ಬದಲಾವಣೆಗಳಿಂದ ಅದೇ ಗುಣ ಬಂದಿದೆ. ನಮ್ಮಲ್ಲಿ ವಾಯವ್ಯ ಭಾಗದವರಲ್ಲಿ ಇದು ಜಾಸ್ತಿ, ದಕ್ಷಿಣಕ್ಕೆ ಬಂದಂತೆ ಕಡಿಮೆ. ನೀವು ಪತ್ರದ ಅಡಿಯಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಬರೆದಿದ್ದೀರಿ. ಅದು ಕಾಯಿಲೆಯೇ ಆಗಿರಬೇಕಾಗಿಲ್ಲ, ಹಳೆಯ ಪದ್ಧತಿಯ ಹೊಟ್ಟೆ ಇರಬಹುದು. ಒಮ್ಮೆ ಡಾಕ್ಟರರಿಗೆ ತೋರಿಸಿ. ಅಲ್ಲಿಯವರೆಗೆ ಹಾಲಿನ ಬದಲು ಮಜ್ಜಿಗೆ ಕುಡಿದು ನೋಡಿ, ಅದರಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆ.